ಟೋಸ್ಟ್ ಬಿದ್ದದ್ದು ರಾಹುಕಾಲದಲ್ಲಲ್ಲ

ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ದಕ್ಷಿಣ ಬೆಂಗಳೂರಿನ ಒಂದು ಅಯ್ಯಂಗಾರ್ ಬೇಕರಿ. ಗೋಡೆ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತು. ಗಾಜಿನ ಕಪಾಟಿನ ಮೇಲೆ ಕಾಗದದ ಚೂರಿನಲ್ಲಿಟ್ಟಿದ್ದ ಖಾರದ ಟೋಸ್ಟು ಗಿರಾಕಿಯೊಬ್ಬರ ಮೊಣಕೈ ತಗುಲಿ ಮೆಲ್ಲಗೆ ಅಂಚಿಗೆ ಸರಿಯಿತು, ವಾಲಿತು, ಬಿತ್ತು. ಈರುಳ್ಳಿ, ಕ್ಯಾರೆಟ್ ಪಲ್ಯ ಹಚ್ಚಿದ ಮಗ್ಗುಲೇ ನೆಲಕ್ಕೆ.

"ಬೆಳಿಗ್ಗೆ ಯಾರ ಮುಖ ನೋಡಿ ಎದ್ದೆನೋ ಸ್ವಾಮಿ!" ಎಂದರು ಅವರು. ಆಮೇಲೆ ಒಂದೊಂದೇ ಹೊರಬಿತ್ತು. ಎದ್ದ ಕೂಡಲೇ ಹಾಲು ಉಕ್ಕಿ ಒಲೆಯೆಲ್ಲ ರಾಡಿ. ಮೊಬೈಲ್ ಚಾರ್ಜರಿನ ವಯರು ಚೀಲದಲ್ಲಿ ಗಂಟಾಗಿ ಬಿಡಿಸಲಾಗಲಿಲ್ಲ. ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದರೂ ಬಾರದ ಬಸ್ಸು ಕೊನೆಗೆ ಒಂದರ ಹಿಂದೊಂದು ಮೂರು ಬಂತು. ಈಗ ಟೋಸ್ಟು. ಬೇಕರಿಯವರು ಕ್ಯಾಲೆಂಡರಿನ ಕಡೆ ಕೈ ತೋರಿಸಿ, "ಶನಿವಾರ ಅಲ್ವಾ ಸಾರ್, ಒಂಬತ್ತರಿಂದ ಹತ್ತೂವರೆ ರಾಹುಕಾಲ" ಎಂದು ಇನ್ನೊಂದು ಟೋಸ್ಟನ್ನು ಕಾವಲಿಗೆ ಹಾಕಿದರು.

ಪಕ್ಕದಲ್ಲಿ ಪಫ್ ತಿನ್ನುತ್ತಿದ್ದ ಭೌತವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ಮಾತಿಗೆ ಬಂದದ್ದು ಆಗ. "ಅಂಕಲ್, ಇದಕ್ಕೆ ಕಾರಣ ರಾಹು ಅಲ್ಲ, ಈ ಕಪಾಟಿನ ಎತ್ತರ." ಬೇಕರಿಯವರು ಮಾರಲಾಗದ ಬ್ರೆಡ್ಡಿನ ತುದಿ ಚೂರುಗಳನ್ನು ನಗುತ್ತಾ ಕೊಟ್ಟರು. ಆಕೆ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಚೂರಿನ ಒಂದು ಮಗ್ಗುಲಿಗೆ ಪೆನ್ನಿನಲ್ಲಿ ಗುರುತು ಮಾಡಿ, ಗುರುತು ಮೇಲಿರುವಂತೆ ಇಟ್ಟು ಬೆರಳಿನಿಂದ ಅಂಚಿನಾಚೆಗೆ ತಳ್ಳತೊಡಗಿದಳು. ಗುರುತು ಹೆಚ್ಚಿನ ಸಲ ಅಡಿಯಾಯಿತು. ಬೆಣ್ಣೆಯಿಲ್ಲ, ಪಲ್ಯವಿಲ್ಲ, ಆದರೂ ಅದೇ ಕಥೆ. ಟೀ ಕುಡಿಯಲು ಬಂದವರೂ ಲೋಟ ಹಿಡಿದು ನಿಂತು ನೋಡಿದರು.

ಆಕೆ ಮಾಡಿ ತೋರಿಸಿದ್ದಕ್ಕೆ ಒಂದು ಪ್ರಬಂಧದ ಬೆಂಬಲವಿದೆ. ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಅದನ್ನು 'ಯುರೋಪಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಪ್ರಕಟಿಸಿದರು. ಮರುವರ್ಷ ಅದಕ್ಕೆ, ನಗಿಸಿ ಯೋಚನೆಗೂ ಹಚ್ಚುವ ಸಂಶೋಧನೆಗೆ ಕೊಡುವ ಇಗ್‌ನೊಬೆಲ್ ಬಹುಮಾನ ಬಂತು. ಅವರ ಲೆಕ್ಕ ಸರಳ. ಅಂಚಿನಿಂದ ಜಾರುವ ಬ್ರೆಡ್ಡು ವಾಲುವಾಗಲೇ ತಿರುಗಲು ಶುರುಮಾಡುತ್ತದೆ. ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ನೆಲ ಮುಟ್ಟಲು ಅದಕ್ಕೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಅಷ್ಟರಲ್ಲಿ ಅರ್ಧ ಸುತ್ತು ಮುಗಿಯುತ್ತದೆ, ಪೂರ್ತಿ ಸುತ್ತು ಆಗುವುದಿಲ್ಲ. ಬೇಕರಿಯ ಎದೆಮಟ್ಟದ ಕಪಾಟಿನಿಂದ ಬಿದ್ದರೂ ಫಲ ಬದಲಾಗದು. ಪಲ್ಯ ಮೇಲ್ಮುಖವಾಗಿಯೇ ಉಳಿಯಬೇಕಾದರೆ ಮೇಜು ಸುಮಾರು ಮೂರು ಮೀಟರ್ ಎತ್ತರ ಇರಬೇಕು!

ಮೇಜು ಅಷ್ಟು ಎತ್ತರ ಯಾಕಿಲ್ಲ? ಮನುಷ್ಯ ಅಷ್ಟು ಎತ್ತರ ಇಲ್ಲದ ಕಾರಣ. ಮನುಷ್ಯ ಯಾಕಿಲ್ಲ? ಮ್ಯಾಥ್ಯೂಸ್ ಇಲ್ಲಿಗೂ ಬಿಡಲಿಲ್ಲ. ಎರಡು ಕಾಲಿನ ಮೇಲೆ ನಡೆಯುವ ಜೀವಿ ಎಡವಿ ಬಿದ್ದಾಗ ತಲೆಬುರುಡೆ ಒಡೆಯಬಾರದು; ಮೂಳೆಯ ಗಟ್ಟಿತನ ನಿಂತಿರುವುದು ಅಣುಗಳನ್ನು ಹಿಡಿದಿಟ್ಟ ಬಂಧದ ಮೇಲೆ, ಬೀಳುವ ರಭಸ ನಿಂತಿರುವುದು ಗುರುತ್ವದ ಮೇಲೆ. ಈ ಎರಡನ್ನೂ ತೂಗಿದರೆ ನಮ್ಮಂಥ ಜೀವಿ ಮೂರು ಮೀಟರಿನ ಆಸುಪಾಸು ದಾಟಿ ಬೆಳೆಯುವಂತಿಲ್ಲ, ಅದರ ಮೇಜು ಅದರ ಅರ್ಧ ಎತ್ತರ ಮೀರುವಂತಿಲ್ಲ. ಕಾಗದದ ಚೂರಿನ ಮೇಲಿನ ಟೋಸ್ಟಿನಿಂದ ವಿಶ್ವದ ಮೂಲ ಸ್ಥಿರಾಂಕಗಳವರೆಗೆ ಹೋಗುವ ಇಂಥ ತರ್ಕ ಓದಿದಾಗ ಮೈ ಜುಂ ಎನ್ನುತ್ತದೆ. 2001ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳು ಹತ್ತಿರ ಹತ್ತಿರ 10,000 ಸಲ ಬ್ರೆಡ್ಡು ಬೀಳಿಸಿ ನೋಡಿದರು. ಬೆಣ್ಣೆ ಅಡಿಯಾದದ್ದು ಶೇ 62ರಷ್ಟು ಸಲ.

ಇನ್ನು ರಾಹುಕಾಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ, ಶನಿವಾರಕ್ಕೆ ಮೂರನೆಯ ಭಾಗವನ್ನು ಕೊಟ್ಟಿದೆ ಪಂಚಾಂಗ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಸೂರ್ಯ ಹುಟ್ಟಿ ಸಂಜೆ ಆರಕ್ಕೆ ಮುಳುಗಿದರೆ ಅದು ಒಂಬತ್ತಕ್ಕೆ ಶುರು. ಜನವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಮುಳುಗುವುದು ಸಂಜೆ 6:10ರ ಹೊತ್ತಿಗೆ. ಹಗಲಿನ ಒಂದು ಭಾಗಕ್ಕೆ 86 ನಿಮಿಷವೂ ತುಂಬುವುದಿಲ್ಲ. ಲೆಕ್ಕ ಹಾಕಿದರೆ ಆ ಶನಿವಾರದ ರಾಹುಕಾಲ 9:35 ದಾಟಿದ ಮೇಲೆ ಆರಂಭ. ಪಂಚಾಂಗದ ನಿಯಮವನ್ನೇ ಹಿಡಿದು ಹೇಳಿದರೂ ಟೋಸ್ಟು ಬಿದ್ದದ್ದು ರಾಹುಕಾಲಕ್ಕೆ ಕಾಲು ಗಂಟೆ ಮೊದಲು.

ಬಸ್ಸಿನ ಕಾರಣವೂ ಗುಟ್ಟಲ್ಲ. ಸ್ವಲ್ಪ ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಜನ ಕಾದಿರುತ್ತಾರೆ. ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನಷ್ಟು ತಡ. ಅದರ ಹಿಂದಿನದಕ್ಕೆ ಜನ ಕಡಿಮೆ, ಅದು ಓಡಿ ಬಂದು ಮುಂದಿನದನ್ನು ಹಿಡಿಯುತ್ತದೆ. ಪ್ರಯಾಣಿಕರಿಗೆ ಅನ್ಯಾಯ ಆಗುವುದು ಇಲ್ಲೇ. ಹತ್ತು ನಿಮಿಷಕ್ಕೊಂದು ಬಸ್ಸು ಸಮವಾಗಿ ಬಂದರೆ ಸರಾಸರಿ ಕಾಯುವಿಕೆ ಐದು ನಿಮಿಷ. ಅಷ್ಟೇ ಬಸ್ಸುಗಳು ಒಮ್ಮೆ ಐದು, ಒಮ್ಮೆ ಹದಿನೈದು ನಿಮಿಷದ ಅಂತರದಲ್ಲಿ ಬಂದರೆ ಆರೂಕಾಲು ನಿಮಿಷ. ಬಸ್ಸಿನ ಸಂಖ್ಯೆ ಹೆಚ್ಚಿಸಿದೆವು ಎಂಬ ಪ್ರಕಟಣೆಗಿಂತ ಅಂತರ ಕಾಪಾಡಿದೆವು ಎಂಬ ಪ್ರಕಟಣೆ ಕೇಳುವ ಹಕ್ಕು ನಿಲ್ದಾಣದಲ್ಲಿ ನಿಂತವರಿಗಿದೆ.

ವಯರಿನ ಗಂಟನ್ನು 2007ರಲ್ಲಿ ಕ್ಯಾಲಿಫೋರ್ನಿಯಾದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಪರೀಕ್ಷಿಸಿದರು. ದಾರ ಹಾಕಿದ ಡಬ್ಬಿಯನ್ನು ತಿರುಗಿಸಿ ಮೂರು ಸಾವಿರಕ್ಕೂ ಮಿಕ್ಕಿ ಪ್ರಯೋಗ. 46 ಸೆಂಟಿಮೀಟರಿಗಿಂತ ಗಿಡ್ಡ ದಾರ ಗಂಟಾಗಲಿಲ್ಲ. ಒಂದೂವರೆ ಮೀಟರ್ ಹೊತ್ತಿಗೆ ಗಂಟು ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಚಾರ್ಜರಿಗೆ ಗಿಡ್ಡ ವಯರು ಕೊಂಡರೆ ಅಥವಾ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಕೆಲಸ ಮುಗಿಯಿತು.

ಹಾಲು ಉಕ್ಕುವುದು ಮೇಲೆ ಕಟ್ಟುವ ಕೆನೆಯಿಂದ. ಅದರ ಅಡಿಯಲ್ಲಿ ಆವಿ ಸಿಕ್ಕಿಕೊಂಡು ನೊರೆಯಾಗಿ ಏರುತ್ತದೆ. ಗೃಹಪ್ರವೇಶದ ದಿನ ಇದೇ ಹಾಲನ್ನು ಬೇಕೆಂದೇ ಉಕ್ಕಿಸಿ, ಶುಭವಾಯಿತು ಎಂದು ಕೈಮುಗಿಯುವವರು ನಾವೇ.

ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎಂಬ ಮರ್ಫಿ ನಿಯಮವನ್ನು ಎಲ್ಲರೂ ಕೇಳಿದ್ದಾರೆ. ಅದು ಹುಟ್ಟಿದ್ದು 1949ರಲ್ಲಿ, ಅಮೆರಿಕದ ಈಗಿನ ಎಡ್ವರ್ಡ್ಸ್ ವಾಯುನೆಲೆಯ ರಾಕೆಟ್ ಬಂಡಿ ಪರೀಕ್ಷೆಯಲ್ಲಿ, ಅಳತೆಯ ಉಪಕರಣಗಳನ್ನು ತಿರುವುಮುರುವಾಗಿ ಜೋಡಿಸಿದ್ದಾಗ. ಎಡ್ವರ್ಡ್ ಮರ್ಫಿ ಎಂಜಿನಿಯರ್. ತಪ್ಪಾಗಿ ಜೋಡಿಸಲು ಅವಕಾಶವೇ ಇಲ್ಲದಂತೆ ವಸ್ತುವನ್ನು ರೂಪಿಸಬೇಕು ಎಂಬ ಪಾಠ ಅದರಲ್ಲಿದೆ, ಹಣೆಬರಹದ ಮಾತಲ್ಲ.

ಇದೆಲ್ಲ ಕ್ಷುಲ್ಲಕ ಎನ್ನುವವರಿಗೆ 1981ರ ಒಂದು ಅಧ್ಯಯನವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಆಲನ್ ಕ್ಯಾನರ್, ರಿಚರ್ಡ್ ಲಜಾರಸ್ ಮತ್ತು ಸಂಗಡಿಗರು ನಡುವಯಸ್ಸಿನ 100 ಜನರಿಗೆ 117 ಬಗೆಯ ದಿನನಿತ್ಯದ ಕಿರಿಕಿರಿಗಳ ಪಟ್ಟಿ ಕೊಟ್ಟು ತಿಂಗಳುಗಟ್ಟಲೆ ಗುರುತಿಸಲು ಹೇಳಿದರು. ಬೆಲೆಯೇರಿಕೆ, ಮನೆಯ ರಿಪೇರಿ, ವಸ್ತು ಎಲ್ಲಿಟ್ಟೆನೋ ಎಂಬ ಹುಡುಕಾಟ ಮುಂಚೂಣಿಯಲ್ಲಿದ್ದವು. ಮನಸ್ಸಿನ ಬೇಗುದಿಯನ್ನು ಅಂದಾಜಿಸಲು ಸಾವು, ನೌಕರಿ ಹೋಗುವುದು ಮುಂತಾದ ದೊಡ್ಡ ಘಟನೆಗಳ ಲೆಕ್ಕಕ್ಕಿಂತ ಈ ಸಣ್ಣ ಕಿರಿಕಿರಿಗಳ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂತು.

ಹೀಗಿರುವಾಗ ಕಾರಣವನ್ನು ಎಲ್ಲಿ ಹುಡುಕುತ್ತೇವೆ ಎಂಬುದು ಸಣ್ಣ ವಿಷಯವಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದ್ದರು. ಆದರೂ 'ಯಾರ ಮುಖ ನೋಡಿದೆ' ಎಂಬ ಮಾತು ಮನೆಗಳಲ್ಲಿ ಇಂದಿಗೂ ಆರಾಮಾಗಿ ಓಡಾಡುತ್ತಿದೆ. ಆ ಮುಖ ಬಹಳ ಸಲ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕಸ ಗುಡಿಸುವ ಹೆಂಗಸಿನದು. ಗಂಡ ತೀರಿಕೊಂಡವಳಾದರಂತೂ ಹೊರಡುವವರ ಎದುರು ಬಾರದಂತೆ ಬಾಗಿಲ ಮರೆಯಲ್ಲಿ ನಿಲ್ಲುವ ಶಿಕ್ಷೆ ಅವಳಿಗೆ. ಉಕ್ಕಿದ ಹಾಲಿಗೂ ತಡವಾದ ಬಸ್ಸಿಗೂ ಅವಳು ಕಾರಣಳಲ್ಲ. ಆ ಮಾತು ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಇಂದೇ ಬಿಟ್ಟುಬಿಡಿ.