ನಿಮಗಿದು ಗೊತ್ತೆ?: ಪೆಡ್ರಿ ಮತ್ತು 73 ಪಂದ್ಯಗಳು

ಮಿಡ್‌ಫೀಲ್ಡರ್ ಮಂಕಾದರೆ ಪ್ರತಿಭೆಯನ್ನು ಶಂಕಿಸುವ ಮೊದಲು ದಣಿವನ್ನು ಲೆಕ್ಕ ಹಾಕಬೇಕು. ಸ್ಪೇನ್‌ನ ಪೆಡ್ರಿ 2020–21ರಲ್ಲಿ ಬಾರ್ಸಿಲೋನಾ ಹಾಗೂ ದೇಶಕ್ಕಾಗಿ 73 ಪಂದ್ಯ ಆಡಿದಾಗ ವಯಸ್ಸು ಬರೀ 18. 2021ರ ಜುಲೈ 6ರಂದು ಇಟಲಿ ವಿರುದ್ಧದ ಯೂರೊ ಸೆಮಿಫೈನಲ್‌ನ ನಿಗದಿತ 90 ನಿಮಿಷಗಳಲ್ಲಿ ಅವರ ಒಂದು ಪಾಸ್ ಕೂಡ ಗುರಿ ತಪ್ಪಲಿಲ್ಲ. ಹದಿನಾರೇ ದಿನಕ್ಕೆ ಅವರನ್ನು ಒಲಿಂಪಿಕ್ಸ್‌ನಲ್ಲೂ ಆಡಿಸಿದ್ದು ಅನ್ಯಾಯವೇ ಸರಿ! ಮುಂದಿನ ಋತುವಿನ ಬಹುಪಾಲು ಗಾಯದಲ್ಲೇ ಕಳೆಯಿತು. 2024–25ರಲ್ಲೂ ಐವತ್ತಕ್ಕೂ ಹೆಚ್ಚು ಪಂದ್ಯ ಆಡಿ ಮಿಂಚಿದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅಷ್ಟರಲ್ಲಿ ಮೈ ಬಲಿತಿತ್ತು, ತಂತ್ರವೂ ಬದಲಾಗಿತ್ತು. ಕೋಚ್ ಹಾನ್ಸಿ ಫ್ಲಿಕ್ ಪೆಡ್ರಿಯನ್ನು ತುಸು ಹಿಂದೆ, ಮತ್ತೊಬ್ಬ ಮಿಡ್‌ಫೀಲ್ಡರ್ ಜೊತೆಗೆ ನಿಲ್ಲಿಸಿದರು. ಬೆನ್ನಿಗಂಟಿದ ಎದುರಾಳಿಯೊಡನೆ ಸೆಣಸುವುದು ಕಡಿಮೆಯಾಗಿ, ಮೈದಾನವನ್ನೆಲ್ಲ ಕಣ್ಣೆದುರಿಗಿಟ್ಟುಕೊಂಡು ಆಡುವುದು ಸಾಧ್ಯವಾಯಿತು.