ಡೊಲೊರೆಸ್ ಕಟ್ಟಿದ ಶಾಲೆಗಳು

ಡೊಲೊರೆಸ್ ಕಕುವಾಂಗೊ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಈಕ್ವೆಡಾರ್‌ನ ಕಯಾಂಬೆ ಸೀಮೆಯ ಜೀತದ ಕುಟುಂಬವೊಂದರಲ್ಲಿ 1881ರಲ್ಲಿ ಹುಟ್ಟಿದ, ಕಿಚ್ವಾ ಎಂಬ ಮೂಲನಿವಾಸಿ ಜನಾಂಗದ ಈ ಹೆಣ್ಣುಮಗಳು ಸ್ಪ್ಯಾನಿಷ್ ಕಲಿತದ್ದು ರಾಜಧಾನಿ ಕೀಟೋದಲ್ಲಿ, ಒಡೆಯರ ಮನೆಗೆಲಸ ಮಾಡುತ್ತ. ಉಳಲು ಒಂದು ತುಂಡು ನೆಲ, ಅದರ ಋಣಕ್ಕೆ ಮನೆಮಂದಿಯೆಲ್ಲ ಜಮೀನ್ದಾರನ ಹೊಲದಲ್ಲಿ ದುಡಿತ: ಕಿಚ್ವಾ ಜನರ ಬದುಕು ಇಷ್ಟೇ ಆಗಿತ್ತು. ಸಾಲದ ಲೆಕ್ಕವೆಲ್ಲ ಒಡೆಯನ ಭಾಷೆಯಲ್ಲಿ. ಓದು ಬಾರದವರಿಗೆ ಮತ ಹಾಕುವ ಹಕ್ಕೂ ಇಲ್ಲ. ಅದನ್ನು ಕೊಟ್ಟದ್ದು 1979ರಲ್ಲಿ ಜಾರಿಗೆ ಬಂದ ಸಂವಿಧಾನ.

1944ರಲ್ಲಿ ಮೂಲನಿವಾಸಿಗಳ ಒಕ್ಕೂಟ ಕಟ್ಟಿದವರಲ್ಲಿ ಡೊಲೊರೆಸ್ ಒಬ್ಬರು. ಮರುವರ್ಷವೇ, ಶಿಕ್ಷಕಿ ಲೂಯಿಸಾ ಗೋಮೆಸ್ ದೆ ಲಾ ತೊರ್ರೆ ಅವರ ನೆರವಿನಿಂದ ಕಯಾಂಬೆಯಲ್ಲಿ ಕಿಚ್ವಾ–ಸ್ಪ್ಯಾನಿಷ್ ಶಾಲೆಗಳನ್ನು ತೆರೆದರು. ಪಾಠ ಹೇಳಲು ಹೊರಗಿನಿಂದ ಯಾರನ್ನೂ ಕರೆಸಲಿಲ್ಲ. ಆ ಊರುಗಳ ಕಿಚ್ವಾ ಯುವಕರೇ ಮೇಷ್ಟ್ರುಗಳಾದರು; ಡೊಲೊರೆಸ್ ಅವರ ಮಗ ಲೂಯಿಸ್ ಕಟುಕುವಾಂಬಾ ಅವರಲ್ಲೊಬ್ಬರು. ಆ ಶಾಲೆಗಳ ಜೀವಾಳ ಇದೇ ಎಂದು ನಾನು ನಂಬಿದ್ದೇನೆ. ಮನೆಯ ಮಾತನ್ನು ಬಲ್ಲ ಮೇಷ್ಟ್ರ ಮುಂದೆ ಮಗು ಬಾಯಿಬಿಟ್ಟು ಪ್ರಶ್ನೆ ಕೇಳುತ್ತದೆ. ಮಾತೇ ತಿಳಿಯದ ತರಗತಿಯಲ್ಲಿ ಅದು ಹಲಗೆಯ ಮೇಲಿನ ಅಕ್ಷರ ನಕಲು ಮಾಡುತ್ತದೆ, ಅಷ್ಟೆ.

1963ರಲ್ಲಿ ಅಧಿಕಾರ ಹಿಡಿದ ಸೇನಾಡಳಿತ ಈ ಶಾಲೆಗಳನ್ನು ಮುಚ್ಚಿಸಿತು. ಡೊಲೊರೆಸ್ 1971ರಲ್ಲಿ ತೀರಿಕೊಂಡರು.

ಆದರೆ ಬೇಡಿಕೆ ಸಾಯಲಿಲ್ಲ. ಅಮೆಜಾನ್ ಕಾಡಿನ ಶುವಾರ್ ಜನ 1970ರ ದಶಕದಲ್ಲಿ ರೇಡಿಯೊ ಮೂಲಕವೇ ಶಾಲೆ ನಡೆಸಿದರು. 1986ರಲ್ಲಿ ಮೂಲನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಕೊನಾಯಿ ಹುಟ್ಟಿತು. ಎರಡೇ ವರ್ಷದಲ್ಲಿ ಅದು ಸರ್ಕಾರದಿಂದ ದ್ವಿಭಾಷಾ ಶಿಕ್ಷಣಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಪಡೆಯಿತು. ಶಿಕ್ಷಕರ ನೇಮಕದಲ್ಲಿ, ಪಠ್ಯಕ್ರಮದಲ್ಲಿ ಸಮುದಾಯಗಳ ಮಾತಿಗೆ ಬೆಲೆ ಬಂದದ್ದು ಆಗಲೇ. 2009ರಲ್ಲಿ ರಫಾಯೆಲ್ ಕೊರೆಯಾ ಸರ್ಕಾರ ಆ ಸ್ವಾಯತ್ತತೆಯನ್ನು ಕಿತ್ತುಕೊಂಡಿತು. ಬಳಿಕ ಊರೂರಿನ ಎಷ್ಟೋ ಪುಟ್ಟ ಶಾಲೆಗಳು ದೊಡ್ಡ ಶಾಲೆಗಳಲ್ಲಿ ವಿಲೀನವಾದವು. ಕಟ್ಟಡ ಚೆಂದ, ಕಂಪ್ಯೂಟರ್ ಉಂಟು. ಆದರೆ ಊರಿನವರ ಹಿಡಿತದಿಂದ ಶಾಲೆ ಕೈಜಾರಿತು. ದ್ವಿಭಾಷಾ ಶಿಕ್ಷಣಕ್ಕೆ ಮತ್ತೆ ಪ್ರತ್ಯೇಕ ಆಡಳಿತ ಸಿಕ್ಕಿದ್ದು 2018ರಲ್ಲಿ.

ಒಳಗಿನ ತೊಡಕುಗಳೂ ಇವೆ. 1980ರ ಸುಮಾರಿಗೆ ಬೇರೆ ಬೇರೆ ಪ್ರದೇಶಗಳ ಕಿಚ್ವಾಕ್ಕೆ ಒಂದೇ ಬರವಣಿಗೆಯ ರೂಪ ಕೊಟ್ಟರು. ಪುಸ್ತಕ ಅಚ್ಚು ಮಾಡಲು ಅದು ಬೇಕಿತ್ತು, ನಿಜ. ಆದರೆ ಪಠ್ಯದ ಕಿಚ್ವಾ ಅಜ್ಜಿಯ ಕಿಚ್ವಾಕ್ಕಿಂತ ಬೇರೆಯಾಗಿ ಕೇಳಿಸಿತು. ಇನ್ನು ತಂದೆತಾಯಿಗಳು? ಸ್ಪ್ಯಾನಿಷ್ ಬಂದರೆ ಪಟ್ಟಣದಲ್ಲಿ ಕೆಲಸ, ಅವಮಾನವೂ ಕಡಿಮೆ ಎಂದು ಮಕ್ಕಳನ್ನು ಸ್ಪ್ಯಾನಿಷ್ ಶಾಲೆಗೆ ಕಳಿಸಿದವರು ಬಹಳ. ಇಂಗ್ಲಿಷ್ ಮಾಧ್ಯಮಕ್ಕೆ ಹಾತೊರೆಯುವ ನಾವು ಅವರನ್ನು ದೂರುವ ಹಾಗಿಲ್ಲ.

ನನ್ನ ತಕರಾರು ಬೇರೆ ಕಡೆಗಿದೆ. 2008ರ ಸಂವಿಧಾನ ಕಿಚ್ವಾ, ಶುವಾರ್ ಎರಡನ್ನೂ ಸಮುದಾಯಗಳ ನಡುವಿನ ಒಡನಾಟದ ಅಧಿಕೃತ ಭಾಷೆಗಳೆಂದು ಒಪ್ಪಿದೆ. ಒಂದಾದರೂ ಮೂಲನಿವಾಸಿ ಭಾಷೆಯನ್ನು ದೇಶದ ಪಠ್ಯಕ್ರಮದಲ್ಲಿ ಹಂತಹಂತವಾಗಿ ಸೇರಿಸಬೇಕೆಂದು 347ನೇ ವಿಧಿ ಹೇಳುತ್ತದೆ. ಹಾಗಿದ್ದೂ ಎರಡು ಭಾಷೆಗಳ ಹೊರೆ ಬಿದ್ದಿರುವುದು ಕಿಚ್ವಾ ಮಗುವಿನ ಹೆಗಲ ಮೇಲೆಯೇ. ಕೀಟೋದ ಸ್ಪ್ಯಾನಿಷ್ ಮನೆಯ ಮಗುವೂ ತನ್ನ ತರಗತಿಯಲ್ಲಿ ಕಿಚ್ವಾ ಕಲಿಯಬೇಕು. ಆ ವಿಧಿಯನ್ನು ಮೊದಲು ಜಾರಿಗೆ ತರಬೇಕಾದದ್ದು ರಾಜಧಾನಿಯ ಶಾಲೆಗಳಲ್ಲಿ.