ಕಳಸೂಬಾಯಿಗೆ ಒಂದು ದಿನದ ಪಯಣ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಬೆಟ್ಟವೆಂದರೆ ರಜೆಯಲ್ಲಿ ಊರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕಂಡು ಮರೆಯಾಗುವ ನೋಟವಷ್ಟೆ. ಅದೇ ಸಹ್ಯಾದ್ರಿಯ ಒಂದು ದೊಡ್ಡ ಶಿಖರವನ್ನು ಒಂದು ಭಾನುವಾರದಲ್ಲಿ ಹತ್ತಿ ಇಳಿದು ಬರಬಹುದೆಂಬುದು ಎಷ್ಟೋ ಮನೆಗಳಲ್ಲಿ ತಿಳಿದಿಲ್ಲ. ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ, ನಾಸಿಕ ಜಿಲ್ಲೆಯ ಗಡಿಯಲ್ಲಿ ನಿಂತಿರುವ ಕಳಸೂಬಾಯಿಯ ಎತ್ತರ 1,646 ಮೀಟರು; ಮಹಾರಾಷ್ಟ್ರದಲ್ಲಿ ಇದಕ್ಕಿಂತ ಎತ್ತರವಾದ ಶಿಖರವಿಲ್ಲ. ನಮ್ಮ ಮುಳ್ಳಯ್ಯನಗಿರಿಗೂ ಕುದುರೆಮುಖಕ್ಕೂ ಇದು ತಂಗಿಯೆಂದೇ ಹೇಳಬಹುದು.

ಬೆಟ್ಟದ ಮಾತೆತ್ತಿದೊಡನೆ ಮನೆಗಳಲ್ಲಿ ಮೊದಲು ಬುತ್ತಿಯ ಮಾತು, ಬಳಿಕ ಬೂಟಿನ ಮಾತು. ಎರಡೂ ಬೇಕಾದವೇ. ಆದರೆ ಎಲ್ಲಕ್ಕೂ ಮೊದಲು ಗೊತ್ತುಮಾಡಿಕೊಳ್ಳಬೇಕಾದುದು, ಎಷ್ಟು ಗಂಟೆಗೆ ಹಿಂತಿರುಗಬೇಕು ಎಂಬುದನ್ನು. ಹೊರಡುವ ಹೊತ್ತನ್ನು ರೈಲು ಗೊತ್ತುಮಾಡುತ್ತದೆ. ಹಿಂತಿರುಗುವ ಹೊತ್ತನ್ನು ನಾವೇ ಮನೆಯಲ್ಲಿ ಕುಳಿತು ಗೊತ್ತುಮಾಡಬೇಕು. ಮೇಲೆ ಹೋದಮೇಲೆ ಶಿಖರದ ಆಸೆ ಬುದ್ಧಿಯ ಮಾತನ್ನು ಕೇಳುವುದಿಲ್ಲ.

ಲೆಕ್ಕ ಹಾಕೋಣ. ನಸುಕಿನ ಕಸಾರಾ ಲೋಕಲ್ ಹಿಡಿದರೆ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಪಶ್ಚಿಮದ ಉಪನಗರಗಳವರು ದಾದರಿನಲ್ಲಿ, ನವಿ ಮುಂಬಯಿಯವರು ಠಾಣೆಯಲ್ಲಿ ಗಾಡಿ ಬದಲಿಸಬಹುದು. ಕಸಾರೆಯಿಂದ ಜೀಪಿನಲ್ಲಿ ಘಾಟಿ ಹತ್ತಿ, ಇಗತಪುರಿ, ಘೋಟಿಗಳನ್ನು ದಾಟಿ, ಭಂಡಾರದರೆಯ ದಾರಿಯಲ್ಲಿರುವ ಬಾರಿ ಎಂಬ ಹಳ್ಳಿಯನ್ನು ಸೇರಲು ಒಂದೂವರೆ ಗಂಟೆಯಾದರೂ ಬೇಕು. ಅಂದರೆ ನಡಿಗೆ ಆರಂಭವಾಗುವಾಗ ಒಂಬತ್ತು ಗಂಟೆ ಆಗಿರುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇಳಿಯಲು ಮೂರು ಗಂಟೆ. ಯಾರಿಗಾದರೂ ಕಾಲು ನೋವು ಬಂದರೆ ಇನ್ನೊಂದು ಗಂಟೆ. ಆದುದರಿಂದ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲಿದ್ದರೆ ಅಲ್ಲಿಂದಲೇ, ಹಿಂತಿರುಗತಕ್ಕದ್ದು. ಜೀಪನ್ನು ಹೋಗಿಬರುವುದಕ್ಕೂ ಸೇರಿಸಿಯೇ ಗೊತ್ತುಮಾಡಿ, ಈ ಹೊತ್ತನ್ನು ಚಾಲಕನಿಗೂ ತಿಳಿಸಿರಿ.

ನಾಲ್ಕು ಗಂಟೆಯಲ್ಲಿ ಹತ್ತುವುದಾದೀತೆ? ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಅಲೆದ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಬಾರಿಯಿಂದ ಶಿಖರಕ್ಕೆ ಎರಡೂವರೆ ಸಾವಿರ ಅಡಿಗೂ ಮೇಲ್ಪಟ್ಟ ಏರು. ಸೂತ್ರದ ಪ್ರಕಾರ ಸುಮಾರು ಎರಡು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಬರುವ ಲೆಕ್ಕ. ಮಕ್ಕಳೊಂದಿಗರು ಇದನ್ನು ಇಮ್ಮಡಿ ಮಾಡಿಕೊಳ್ಳಬೇಕು. ನಮ್ಮ ಕಟ್ಟಡದ ಮಹಡಿಯೊಂದು ಹತ್ತಡಿಯೆಂದರೆ, 2,500 ಅಡಿಗೆ 250 ಮಹಡಿಗಳಾದುವು! ಒಂದು ತಿಂಗಳ ಮೊದಲಿನಿಂದ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವುದು ಒಳ್ಳೆಯದು.

ಗುಂಪಿನ ನಡಿಗೆಯೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾದವರ ನಡಿಗೆ. ಅವರು ಯಾರೆಂಬುದನ್ನು ಊರಲ್ಲಿಯೇ ತಿಳಿದುಕೊಳ್ಳಿರಿ. ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಬಾಗಿಲಿನಿಂದ ಕಣೇರಿ ಗುಹೆಗಳವರೆಗೆ ಮನೆಮಂದಿಯೆಲ್ಲ ಒಂದು ಭಾನುವಾರ ನಡೆದುಹೋದರೆ ಸಾಕು. ಯಾರ ಬೂಟು ಕಚ್ಚುತ್ತದೆ, ಯಾರಿಗೆ ಏದುಸಿರು ಬರುತ್ತದೆ, ಯಾರು ನೋವನ್ನು ಹೇಳದೆ ನುಂಗಿಕೊಳ್ಳುತ್ತಾರೆ ಎಲ್ಲವೂ ಹೊರಬೀಳುತ್ತದೆ. ಬೆಟ್ಟದಲ್ಲಿ ಅವರನ್ನೇ ಮುಂದೆ ಬಿಟ್ಟು ಉಳಿದವರು ಹಿಂದೆ ನಡೆಯಬೇಕು. ಮೊಣಕಾಲು ನೋವಿನ ಹಿರಿಯರು ಭಂಡಾರದರೆಯ ಕೆರೆಯ ದಡದಲ್ಲಿ ಹಾಯಾಗಿ ದಿನ ಕಳೆಯಬಹುದು.

ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು. ಮಳೆಗಾಲದ ಹಸುರು ಕಣ್ಣಿಗೆ ಹಬ್ಬವೇ ಸರಿ. ಆದರೆ ಕಡಿದಾದ ಬಂಡೆಗಳಿಗೆ ಆನಿಸಿರುವ ಕಬ್ಬಿಣದ ಏಣಿಗಳು ಆಗ ಜಾರುತ್ತವೆ, ಮಂಜಿನಲ್ಲಿ ಹತ್ತು ಮಾರು ಮುಂದಿನ ದಾರಿ ಕಾಣದು. ರಜಾದಿನಗಳಲ್ಲಿ ಏಣಿಯ ಬುಡದಲ್ಲಿ ಜನರ ಸಾಲು ನಿಂತು ಎಲ್ಲ ಲೆಕ್ಕವೂ ತಪ್ಪುತ್ತದೆ. ಬೇಸಗೆಯಲ್ಲಿ ನೆರಳಿಲ್ಲ.

ತಲೆಗೆ ಎರಡು ಲೀಟರಿಗೆ ಕಡಮೆಯಿಲ್ಲದಂತೆ ನೀರು, ಬುತ್ತಿ, ಬೆಲ್ಲ-ಕಡಲೆ, ಟೋಪಿ, ಶಾಲು, ಟಾರ್ಚು, ಔಷಧದ ಪುಟ್ಟ ಚೀಲ: ಇಷ್ಟಿದ್ದರೆ ಸಾಕು. ಏಣಿಯಲ್ಲಿ ಎರಡು ಕೈಯೂ ಬೇಕಾದುದರಿಂದ ಚೀಲ ಬೆನ್ನಿಗಿರಲಿ. ಬಾರಿಯ ಮನೆಗಳಲ್ಲಿ ಮುಂಚಿತವಾಗಿ ಹೇಳಿ ಹೋದರೆ ಇಳಿದು ಬರುವ ಹೊತ್ತಿಗೆ ಬಿಸಿ ಪಿಠಲ-ಭಾಕರಿ ಸಿಗುತ್ತದೆ. ಝುಣಕ-ರೊಟ್ಟಿ ತಿಂದು ಬೆಳೆದ ನಮ್ಮ ಧಾರವಾಡ, ವಿಜಯಪುರದ ಕಡೆಯವರಿಗೆ ಅದರ ಪರಿಚಯ ಹೇಳಬೇಕಾದುದಿಲ್ಲ. ಹೋದವರ ಹೆಸರು, ದಾರಿ, ಹಿಂತಿರುಗುವ ಹೊತ್ತು ಬರೆದ ಚೀಟಿಯೊಂದು ಮನೆಯಲ್ಲುಳಿದವರ ಕೈಯಲ್ಲಿರಲಿ. ಬೆಟ್ಟದಲ್ಲಿ ಮೊಬೈಲನ್ನು ನಂಬಿ ಕೂಡುವಂತಿಲ್ಲ.

ಶಿಖರದಲ್ಲಿ ಕಳಸೂಬಾಯಿಯ ಪುಟ್ಟ ಗುಡಿ. ಆಕೆ ಹಳ್ಳಿಯ ಮನೆಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿಯಂತೆ; ಪಾತ್ರೆ ತಿಕ್ಕುವುದಿಲ್ಲ, ಕಸ ಗುಡಿಸುವುದಿಲ್ಲ ಎಂದು ಮೊದಲೇ ಕರಾರು ಮಾಡಿದ್ದಳಂತೆ. ಅದನ್ನೇ ಮಾಡಹೇಳಿದಾಗ ಬೆಟ್ಟ ಹತ್ತಿ ಅಲ್ಲಿಯೇ ನೆಲೆಸಿದಳೆಂದು ಕಥೆ. ನವರಾತ್ರಿಯಲ್ಲಿ ಸುತ್ತಲ ಹಳ್ಳಿಗಳವರು ಪೂಜೆಗಾಗಿ ಹತ್ತಿಬರುತ್ತಾರೆ. ತಿಳಿಯಾದ ದಿನ ಕೆಳಗೆ ಪ್ರವರಾ ನದಿಗೆ ಕಟ್ಟಿದ ಭಂಡಾರದರೆಯ ಜಲಾಶಯವೂ, ಪಶ್ಚಿಮಕ್ಕೆ ಅಲಂಗ, ಮದನ, ಕುಲಂಗ ಕೋಟೆಗಳೂ ಕಾಣುತ್ತವೆ.

ಕೊನೆಯ ಏಣಿಯ ಬುಡದಲ್ಲಿ ಒಂದು ಗಂಟೆ ಆಯಿತೆನ್ನಿ. ಗುಡಿಯ ಬಾವುಟ ಕಾಣುತ್ತಿದೆ. ‘ಇನ್ನು ಅರ್ಧ ಗಂಟೆ, ಅಪ್ಪಾ’ ಎಂದು ಮಗ ಅಂಗಲಾಚುತ್ತಾನೆ. ಹಿರಿಯರ ಮಾತಿಗೆ ಆಗಲೇ ಪರೀಕ್ಷೆ. ಆ ಅರ್ಧ ಗಂಟೆಯನ್ನು ಕತ್ತಲೆಯ ಏಣಿಗಳಲ್ಲಿ, ದಣಿದ ಮಗುವನ್ನು ಹಿಡಿದುಕೊಂಡು ತೀರಿಸಬೇಕಾದೀತು. ಇಳಿದು ಬನ್ನಿರಿ; ಮುಂದಿನ ಚಳಿಗಾಲಕ್ಕೆ ಮಗನ ಕಾಲು ಇನ್ನಷ್ಟು ಗಟ್ಟಿಯಾಗಿರುತ್ತದೆ. ಸದ್ಯಕ್ಕೆ ಪಂಚಾಂಗ ತೆಗೆದು ದೀಪಾವಳಿಯ ನಂತರದ ಎರಡು ಭಾನುವಾರಗಳನ್ನು ಗುರುತುಹಾಕಿಕೊಳ್ಳಿರಿ. ಮೊದಲನೆಯದು ಕಣೇರಿಗೆ, ಎರಡನೆಯದು ಕಳಸೂಬಾಯಿಗೆ.